ಹಳೇದಕ್ಕೆ ಕೊಬ್ಬು ಜಾಸ್ತಿ

ನಮ್ಮಕ್ಕನಿಗೆ ಅಪ್ಪ ಇಟ್ಟ ಅಡ್ಡಹೆಸರು ಮಂಪರಮ್ಮ. ಕಣ್ಣು ಬಿಟ್ಟುಕೊಂಡೇ ಕನಸು ಕಾಣುವವಳು. ಒಲೆಯ ಮೇಲೆ ಹಾಲಿಟ್ಟು, ಕಿಟಕಿಯ ಬಿಸಿಲಲ್ಲಿ ತೇಲುವ ದೂಳನ್ನು ನೋಡುತ್ತ ನಿಂತರೆ ಮುಗಿಯಿತು. ಹಾಲು ಉಕ್ಕಿ ಹರಿದರೂ ಅವಳಿಗೆ ತಿಳಿಯದು. ಒರೆಸುವ ಭಾಗ್ಯ ತಂಗಿಯಾದ ನನ್ನದು. ಇಂಥವಳು ಪ್ರಯೋಗಾಲಯದಲ್ಲಿ ಮಾತ್ರ ಬಲು ಚುರುಕು ಎಂದರೆ ನಾನು ನಂಬಿರಲೇ ಇಲ್ಲ.

ಅವಳ ಕೆಲಸ ಬ್ಯಾಕ್ಟೀರಿಯಾಗಳಿಂದ ಪ್ಲಾಸ್ಟಿಕ್ ಮಾಡಿಸುವುದು. ಮಣ್ಣಿಗೆ ಬಿದ್ದರೆ ಮಣ್ಣಾಗುವ ಪ್ಲಾಸ್ಟಿಕ್. ಸಕ್ಕರೆ ನೀರನ್ನು ಧಾರಾಳವಾಗಿ ಕೊಟ್ಟು, ಬೆಳೆಯಲು ಬೇಕಾದ ಸಾರಜನಕವನ್ನು ಮಾತ್ರ ತಡೆದರೆ, ಆ ಜೀವಿಗಳು ಬೆಳೆಯುವುದನ್ನು ಬಿಟ್ಟು, ಕಷ್ಟಕಾಲಕ್ಕಿರಲಿ ಎಂದು ಮೈಯೊಳಗೆ ಪುಟ್ಟ ಪುಟ್ಟ ಕಾಳುಗಳನ್ನು ಕೂಡಿಡುತ್ತವಂತೆ. ಆ ಕಾಳೇ ಪ್ಲಾಸ್ಟಿಕ್. ಅಕ್ಕನ ಪ್ರಯೋಗಾಲಯದವರು ಅದನ್ನು 'ಕೊಬ್ಬು' ಎನ್ನುತ್ತಾರೆ. ಬೆಚ್ಚನೆಯ ಕೋಣೆಯಲ್ಲಿ ಗಾಜಿನ ಬುಡ್ಡಿಗಳು ಹಗಲೆಲ್ಲ ತೊಟ್ಟಿಲಿನ ಹಾಗೆ ತೂಗುತ್ತಿರುತ್ತವೆ. ಅಲ್ಲಿ ಕೂತರೆ ನನಗೂ ತೂಕಡಿಕೆ ಬರುತ್ತದೆ.

ಅಪ್ಪ ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಯಲ್ಲಿ ಅಚ್ಚು ನೋಡಿಕೊಳ್ಳುತ್ತಿದ್ದವರು, ಈಗ ನಿವೃತ್ತರು. ಒದ್ದರೂ ಒಡೆಯದ ಬಕೆಟ್ಟು ಅವರ ಹೆಮ್ಮೆ.

"ಬಾಳಿಕೆ ಬರೋದನ್ನ ಮಾಡೋಕೆ ಓದ್ತಾರೆ. ಹಾಳಾಗೋದನ್ನ ಮಾಡೋಕೂ ಓದ್ಬೇಕೇನೇ?" ಎಂದು ಚುಚ್ಚುತ್ತಿದ್ದರು.

ಅಕ್ಕ ಎಲ್ಲೋ ನೋಡುತ್ತ ನಗುತ್ತಿದ್ದಳು. ತಮ್ಮ ಬದುಕಿನ ದುಡಿಮೆಯನ್ನೇ ಮಗಳು ಕಸವೆಂದು ಭಾವಿಸಿದ್ದಾಳೆ ಎಂಬ ಮುಳ್ಳು ಅಪ್ಪನ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ.

ಒಂದು ಮಧ್ಯಾಹ್ನ ಅಕ್ಕ ಫೋನಿನಲ್ಲಿ ಜೊತೆಗಾರನೊಬ್ಬನಿಗೆ ಹೇಳುತ್ತಿದ್ದಳು: "ಹಳೇದಕ್ಕೆ ಕೊಬ್ಬೇನೋ ಜಾಸ್ತೀನೇ. ಆದ್ರೆ ಒಂಚೂರೂ ಬಗ್ಗಲ್ಲ. ಇನ್ನು ಇಟ್ಕೊಂಡು ಏನ್ ಮಾಡೋದು? ತೆಗೆದು ಹಾಕ್ಬಿಡೋಣ."

ಬಾಗಿಲ ಹಿಂದೆ ಪತ್ರಿಕೆ ಹಿಡಿದು ಕೂತಿದ್ದ ಅಪ್ಪನ ಕಿವಿಗೆ ಅದು ಬಿತ್ತು. ನಮ್ಮ ಭಾಷೆಯಲ್ಲಿ ಸಸಾರವಾದ ಮನುಷ್ಯನೂ 'ಅದು', ಬ್ಯಾಕ್ಟೀರಿಯಾವೂ 'ಅದು'. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅಪ್ಪನ ಸ್ಥಿತಿ.

ನಾನು ನೋಡುವಾಗ ಅವರು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದರು.

"ಎಲ್ಲಿಗಪ್ಪಾ?"

"ತಮ್ಮನ ಮನೆಗೆ. ತೆಗೆದು ಹಾಕೋ ಕಷ್ಟ ನಿಮಗ್ಯಾಕೆ? ನಾನೇ ಹೋಗ್ತೀನಿ. ಇನ್ನು ಬರಲ್ಲ."

ಕೇಳಿಸಿಕೊಂಡದ್ದನ್ನು ಅಕ್ಷರ ಬಿಡದೆ ಒಪ್ಪಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಂದು ನಿಂತಿದ್ದ ಅಕ್ಕ ನಗಲಿಲ್ಲ. ಅವಳ ಮುಖ ಬಿಳುಚಿಕೊಂಡಿತು. ಸಮಜಾಯಿಷಿಯನ್ನೂ ಹೇಳದೆ ಅಪ್ಪನ ಕೈ ಹಿಡಿದು ಪ್ರಯೋಗಾಲಯಕ್ಕೆ ನಡೆಸಿಕೊಂಡೇ ಹೊರಟಳು. ಅವರು ಚೀಲ ಬಿಡಲೊಲ್ಲರು. ಅದನ್ನು ಕಿತ್ತುಕೊಂಡು ನಾನು ಹಿಂದಿನಿಂದ ಹೋದೆ.

ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಅವರನ್ನು ಕೂರಿಸಿದಳು. ಆಮೇಲೆ ನಾನೂ ಇಣುಕಿದೆ. ಮಸುಕು ನೀರಿನಲ್ಲಿ ಸಣ್ಣ ಸಣ್ಣ ಕಡ್ಡಿಗಳು, ಒಂದೊಂದರ ಹೊಟ್ಟೆಯಲ್ಲೂ ಹೊಳೆಯುವ ಕಾಳುಗಳು. ಎಲ್ಲಿಗೂ ಅವಸರವಿಲ್ಲದೆ ತೇಲುತ್ತಿದ್ದವು. ಹಗಲುಗನಸಿನಲ್ಲಿ ಅಕ್ಕ ಎಲ್ಲಿಗೆ ಹೋಗಿಬಿಡುತ್ತಾಳೆ ಎಂಬುದು ನನಗೆ ಆವತ್ತು ತಿಳಿಯಿತು.

"ಇದೇನಾ ಹಳೇದು?" ಅಪ್ಪ ಕೇಳಿದರು.

"ಹ್ಞೂ." ಅಕ್ಕ ಅದರಿಂದ ಮಾಡಿದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕೊಟ್ಟಳು. ಅಪ್ಪ ಬಗ್ಗಿಸಿದರೆ ಪಟ್ಟೆಂದು ಮುರಿಯಿತು. ಇನ್ನೊಂದು ಕೊಟ್ಟಳು. ಅದು ಬಾಗಿ ಬೆರಳಿಗೆ ಸುತ್ತಿಕೊಂಡಿತು.

"ಇದು ಹೊಸದು. ಬೇರೆ ಜೀವಿಯ ಜೀನ್ ಒಂದನ್ನ ಸೇರಿಸಿದ್ವಿ. ಬಗ್ಗೋದು ಕಲೀತು."

"ಹಳೇದನ್ನ ಎಸೆದುಬಿಡ್ತೀರಾ?"

"ಬುಡ್ಡೀಲಿರೋದನ್ನ ಅಷ್ಟೇ ಅಪ್ಪ. ತಳಿ ಫ್ರೀಜರ್‌ನಲ್ಲಿ ಜೋಪಾನವಾಗಿದೆ. ಹೊಸದು ಹುಟ್ಟಿದ್ದೇ ಅದರಿಂದ."

ಅಪ್ಪ ಆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ಬುಡ್ಡಿಗಳು ತೂಗುತ್ತಿದ್ದವು.

"ನನ್ನ ಬಗ್ಗೆ ಹೇಳಿದ್ದಲ್ಲ ಅಂತ ಗೊತ್ತಾಯ್ತಮ್ಮ," ಎಂದರು ಕೊನೆಗೆ. "ಆದ್ರೆ ಹೇಳಿದ್ದಿದ್ರೂ ಸುಳ್ಳಾಗ್ತಿರ್ಲಿಲ್ಲ."

ಅಕ್ಕ ಅವರ ಭುಜಕ್ಕೆ ಮುಖವೊತ್ತಿ ಅತ್ತುಬಿಟ್ಟಳು. ಮುರಿದ ತುಂಡುಗಳನ್ನು ನೆಲದಿಂದ ಆರಿಸುವ ನೆಪದಲ್ಲಿ ನಾನು ತಲೆ ತಗ್ಗಿಸಿದೆ.