ಬಿರಡೆ ಸಡಿಲಿಸದ ಗಿಟಾರು

ಹವಾಯಿ ದ್ವೀಪದ ಕಾವೂ ಸೀಮೆಯಲ್ಲಿ ಮನೆಗೊಂದು ಶ್ರುತಿ. ಗಿಟಾರಿನ ಯಾವ ತಂತಿಯನ್ನು ಎಷ್ಟು ಸಡಿಲ ಬಿಡಬೇಕು ಅನ್ನೋದು ಆಯಾ ಮನೆಯ ಗುಟ್ಟು. ನುಡಿಸಿ ಮುಗಿದ ಕೂಡಲೇ ಬಿರಡೆ ತಿರುಗಿಸಿ, ಶ್ರುತಿ ಕೆಡಿಸಿಯೇ ಗಿಟಾರು ಕೆಳಗಿಡಬೇಕು. ಇಲ್ಲದಿದ್ದರೆ ಪಕ್ಕದ ಮನೆಯವನು ಮೀಟಿ ನೋಡಿ ಕದ್ದುಬಿಟ್ಟಾನು.

ಕಾಪೇಕಾಳ ಅಪ್ಪ ತನ್ನ ಶ್ರುತಿಯನ್ನು ಹೇಳಿಕೊಟ್ಟದ್ದು ಮಗ ಲಿಕೇಕೆಗೆ ಮಾತ್ರ. ಮಗಳ ಜೊತೆ ಗುಟ್ಟೂ ಗಂಡನ ಮನೆ ಸೇರುತ್ತದಂತೆ, ನೋಡಿ ಮತ್ತೆ! ಕಾಪೇಕಾ ಹಿತ್ತಲಲ್ಲಿ ಕೆಸುವಿನ ಗಡ್ಡೆ ಕುಟ್ಟುತ್ತಲೇ ಅದನ್ನು ಕಿವಿಯಲ್ಲಿ ಹಿಡಿದಳು. ಗೊತ್ತಾದಾಗ ಅಪ್ಪ ಕೂಗಾಡಿದ. ಬೇಕಿದ್ದರೆ ನನ್ನ ಕಿವಿ ಕಿತ್ತುಕೋ ಅಂದಳಂತೆ ಪುಣ್ಯಾತ್ಗಿತ್ತಿ. ಆಮೇಲೆ ಊರಿನ ಮದುವೆ, ಸಾವು ಯಾವುದರಲ್ಲೂ ನುಡಿಸದೆ ಬಿಡಲಿಲ್ಲ. ಗಂಡ ಬೇಡ ಅಂದ, ಪಾದ್ರಿ ಬೇಡ ಅಂದ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನುಡಿಸಿದಳು. ದನ ಹೊಡೆದು ತರುವವರ ನಿಧಾನದ ರಾಗವೊಂದಿದೆ, ಅದೆಂದರೆ ಅವಳಿಗೆ ಪ್ರಾಣ. ಆದರೂ ಪ್ರತಿ ಸಲ ಬಿರಡೆ ಸಡಿಲಿಸಿಯೇ ಏಳುತ್ತಿದ್ದಳು.

ಈಗ ಲಿಕೇಕೆಯ ಬೆರಳು ಗಂಟುಗಟ್ಟಿ ಮಡಚುವುದಿಲ್ಲ. ಅವನ ಮಗನಿಗೆ ಗಿಟಾರಂದರೆ ಆಗದು. ಕಲಿಯುವ ಆಸೆ ಇರೋದು ಸೊಸೆ ಲಿಗಾಯಾಗೆ, ಅವಳೋ ಫಿಲಿಪ್ಪೀನ್ಸ್ ಕಡೆಯವಳು. ಹೊರಗಿನವಳಿಗೆ ಕೊಡೋದಕ್ಕಿಂತ ನನ್ನ ಜೊತೆಗೇ ಮಣ್ಣಾಗಲಿ ಅಂದುಬಿಟ್ಟ ಮಾವ. ಕೇಳಿ ಕಾಪೇಕಾಳ ಮೈಯೆಲ್ಲ ಉರಿಯಿತು.

ಲಿಗಾಯಾಳ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಊರೇ ನೆರೆದಿತ್ತು. ಹಂದಿಮಾಂಸದ ಊಟ ಮುಗಿದ ಮೇಲೆ ಮಾವಿನ ಮರದಡಿ ಕೂತು ಕಾಪೇಕಾ ತನ್ನ ದನಗಾಹಿ ರಾಗ ನುಡಿಸಿದಳು. ಮುಗಿಸಿದವಳು ಬಿರಡೆ ಮುಟ್ಟದೆ ಗಿಟಾರನ್ನು ಲಿಗಾಯಾಳ ಕೈಗಿತ್ತಳು.

"ಬಿರಡೆ ತಿರುಗಿಸೇ," ಅಂದ ಲಿಕೇಕೆ.

"ತಿರುಗಿಸಲ್ಲ, ಏನ್ ಮಾಡ್ಕೋತೀಯ?"

ಅವನು ನಕ್ಕುಬಿಟ್ಟ. "ಹೋಗಲಿ ಕೊಡು. ಅದು ಅಪ್ಪನ ಶ್ರುತಿನೇ ಅಲ್ಲ ಕಣೇ. ದಪ್ಪ ತಂತಿ ಇನ್ನೂ ಒಂದು ಸ್ವರ ಇಳೀಬೇಕು. ಹಿತ್ತಲಲ್ಲಿ ಕೂತೋಳಿಗೆ ಅದೆಲ್ಲಿ ಕೇಳ್ಸತ್ತೆ? ಜೀವಮಾನವೆಲ್ಲ ತಪ್ಪೇ ನುಡಿಸಿದೀಯ. ಗೊತ್ತಿದ್ದೂ ಸುಮ್ನಿದ್ದೆ."

ಕಾಪೇಕಾ ಗಿಟಾರು ವಾಪಸು ತಗೊಂಡು ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿ ಮೀಟಿದಳು. ಅಪ್ಪನೇ ಪಕ್ಕದಲ್ಲಿ ಬಂದು ಕೂತ ಹಾಗಾಯಿತು. ಹೌದು, ಅದೇ. ಇಷ್ಟು ವರ್ಷ ತಪ್ಪೇ ನುಡಿಸಿದ್ದಳು, ಪಾಪ. ಎಲ್ಲರೆದುರೇ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ತಂತಿಯನ್ನು ಮೊದಲಿದ್ದ ಜಾಗಕ್ಕೇ ಏರಿಸಿದಳು.

"ಅದು ಅಪ್ಪಂದು, ಇದು ನಂದು. ಊರು ಕುಣಿದಿದ್ದು ಇದಕ್ಕೆ," ಅಂದಳು. ಗಿಟಾರನ್ನು ಮತ್ತೆ ಲಿಗಾಯಾಳ ತೊಡೆಯ ಮೇಲಿಟ್ಟಳು. "ಎರಡೂ ಕೇಳಿಸ್ಕೊಂಡ್ಯಲ್ಲ ಮಗಳೇ? ಅಪ್ಪಂದನ್ನ ನಿಮ್ಮ ಮಾವನೇ ಬಾಯಿಬಿಟ್ಟು ಹೇಳ್ಕೊಟ್ರು."

ಲಿಕೇಕೆಯ ನಗು ಅಲ್ಲೇ ನಿಂತಿತು. ಲಿಗಾಯಾ ಆಗಲೇ ದಪ್ಪ ತಂತಿಯ ಬಿರಡೆಗೆ ಕೈ ಹಾಕಿದ್ದಳು.