ಬಾಲ್ಕನಿಯ ಕಣಗಿಲೆ

ಅವ್ವನಿಗೆ ನಾನು ಮೊದಲೇ ಎಚ್ಚರಿಕೆ ಹೇಳಿದ್ದೆನೋ ಇಲ್ಲವೋ ಎಂಬುದು ಈಗ ನನಗೆ ಖಚಿತವಿಲ್ಲ. ಹೇಳಿದ್ದೆ ಎಂದು ಹೆಚ್ಚುಕಡಿಮೆ ಎರಡು ವರ್ಷ ಎಲ್ಲರ ಮುಂದೆ ಸಾಧಿಸಿದ್ದೇನೆ. ಹೇಳಿದ ಜಾಗವೂ ನೆನಪಿದೆ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, “ಆ ಕಣಗಿಲೆ ತೆಗೆದುಬಿಡವ್ವ, ಅದು ವಿಷ” ಎಂದೆ. ಅವಳು ತಲೆ ಎತ್ತದೆ “ಹೂಂ” ಎಂದಳು. ಹೆಂಚಿನ ಮೇಲಿನ ರೊಟ್ಟಿ ಉಬ್ಬಿದ್ದು ಕೂಡ ಕಣ್ಣಿಗೆ ಕಟ್ಟಿದಂತಿದೆ. ಇಷ್ಟು ಚೊಕ್ಕವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ನಾನು ಓದಿದ್ದು ರಸಾಯನಶಾಸ್ತ್ರ, ಕಲಿಸುವುದೂ ಅದನ್ನೇ. ಪ್ರಯೋಗದಲ್ಲಿ ಫಲಿತಾಂಶ ತೀರಾ ಅಂದವಾಗಿ ಬಂದರೆ ಮೊದಲು ತಕ್ಕಡಿಯನ್ನು ನೋಡಿ ಎಂದು ಹುಡುಗರಿಗೆ ಹೇಳುವವನು ನಾನು.

ದಾವಣಗೆರೆಯ ಎಸ್.ಎಸ್. ಬಡಾವಣೆಯ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ನಾನು, ಅವ್ವ ಇಬ್ಬರೇ ಇದ್ದೇವೆ. ಕೆಳಗಿನ ಅಂಗಳವೆಲ್ಲ ಮಾಲೀಕರ ಕಾರಿಗೆ. ನಮಗಿರುವ ಮಣ್ಣು ಕುಂಡಗಳಲ್ಲಿರುವಷ್ಟೇ. ಒಳಗೆ ಹಾಲ್‌ನಲ್ಲಿದ್ದ ಗಿಡಗಳು ನನ್ನವು. ಬಾಟಲಿಯಲ್ಲಿ ಮನಿಪ್ಲಾಂಟು, ಟೀವಿಯ ಪಕ್ಕ ಬಿಳಿ ಚುಕ್ಕೆಯ ಅಗಲ ಎಲೆಗಳ ಡಂಬ್ ಕೇನ್. ಬಾಲ್ಕನಿಯವು ಅವ್ವನವು: ದೊಡ್ಡಪತ್ರೆ, ಒಂದು ಬಡಕಲು ಮಲ್ಲಿಗೆ, ಹಳೆಯ ಪೇಂಟಿನ ಬಕೆಟ್ಟಿನಲ್ಲಿ ಕಣಗಿಲೆ. ಮೊದಲಿದ್ದ ಪಿ.ಜೆ. ಬಡಾವಣೆಯ ಮನೆಯ ಕಾಂಪೌಂಡಿನಲ್ಲಿ ಅದು ಆಳೆತ್ತರ ಬೆಳೆದಿತ್ತು. ಮನೆ ಬದಲಿಸಿದ ದಿನ ಅದರ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು.

ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂರುವ ಮುಂಚೆ ಅವಳು ಆ ಗಿಡದಿಂದ ನಾಲ್ಕು ಹೂ ಕೀಳುತ್ತಿದ್ದಳು. ಪೂಜೆ ಮುಗಿದ ಮೇಲೆ ಲಿಂಗದ ಮೇಲಿಂದ ತೆಗೆದ ಹೂವನ್ನು ಮನೆಯಲ್ಲಿದ್ದವರಿಗೆ ಒಂದೊಂದು ಕೊಡುವಳು. ಅದಕ್ಕೆ ಪ್ರಸಾದ ಎನ್ನುತ್ತೇವೆ. ಆಮೇಲೆ ಕೊಡುವ ಕೊಬ್ಬರಿ ಸಕ್ಕರೆಗೂ ಪ್ರಸಾದ ಎಂದೇ ಹೆಸರು. ದೊಡ್ಡವರಿಗೆ ಇದರಲ್ಲಿ ಗೊಂದಲವಿಲ್ಲ. ಹೂವು ಕಣ್ಣಿಗೆ, ಕೊಬ್ಬರಿ ಬಾಯಿಗೆ. ನಾನು ಎರಡನ್ನೂ ನಂಬದವನು. ಆದರೂ ಹೂವನ್ನು ಇಸಿದುಕೊಂಡು ಅವ್ವ ಆಚೆ ತಿರುಗುವವರೆಗೆ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದೆ.

ನನ್ನ ತಂಗಿಯನ್ನು ಹರಿಹರಕ್ಕೆ ಕೊಟ್ಟಿದೆ. ಅವಳಿಗೆ ಕೆಲಸ ದಾವಣಗೆರೆಯಲ್ಲಿ, ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ. ನನಗೆ ಕೆಲಸ ಹರಿಹರದ ಕಾಲೇಜಿನಲ್ಲಿ. ಬೆಳಿಗ್ಗೆ ಅವಳು ಈ ಕಡೆ ಬರುವಾಗ ನಾನು ಆ ಕಡೆ ಹೋಗುತ್ತೇನೆ. ಮಗಳನ್ನು ಅವ್ವನ ಹತ್ತಿರ ಬಿಟ್ಟು ಕ್ಲಿನಿಕ್ಕಿಗೆ ಹೋಗುವುದು ಅವಳ ದಿನಚರಿಯಾಗಿತ್ತು. ಆಗ ಮಗುವಿಗೆ ಎರಡೂವರೆ ವರ್ಷ. ಮಗು ಬರುವ ಹೊತ್ತಿಗೆ ಸರಿಯಾಗಿ ಅವ್ವನ ಪೂಜೆ ಮುಗಿಯುತ್ತಿತ್ತು. ಅಥವಾ ಮಗು ಬರಲಿ ಎಂದೇ ಅವಳು ಪೂಜೆಯನ್ನು ಎಳೆಯುತ್ತಿದ್ದಳು.

ಅವಘಡ ನಡೆದ ದಿನಕ್ಕಿಂತ ಸ್ವಲ್ಪ ಮೊದಲು ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರ ನಾಯಿಮರಿ ಮನೆಯೊಳಗಿನ ಡಂಬ್ ಕೇನ್ ಎಲೆ ಅಗಿದು, ಬಾಯಿ ಊದಿಸಿಕೊಂಡು, ಜೊಲ್ಲು ಸುರಿಸುತ್ತಾ ಬಿದ್ದಿತ್ತು. ಸ್ಟಾಫ್‌ರೂಮಿನಲ್ಲಿ ಅವರು ಅದನ್ನು ಹೇಳಿಕೊಂಡು ನೊಂದುಕೊಂಡರು. ನಾನು ಬಿಡುವಿದ್ದ ಪೀರಿಯಡ್ಡಿನಲ್ಲಿ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಆಗದ ಮನೆಗಿಡಗಳ ಬಗ್ಗೆ ಓದುತ್ತಾ ಕುಳಿತೆ. ಒಂದನ್ನು ಓದಿದರೆ ಹತ್ತನ್ನು ಓದುವ ಚಟ ನನ್ನದು. ಅವತ್ತು ಸಂಜೆಯೇ ಮನೆಗೆ ಬಂದು ಮನಿಪ್ಲಾಂಟನ್ನೂ ಡಂಬ್ ಕೇನನ್ನೂ ಕೆಳಗಿನ ಮಾಲೀಕರ ಗೇಟಿನ ಹೊರಗೆ ಇಟ್ಟುಬಂದೆ. ಇದು ನಿಜ. ಮರುದಿನ ಮಾಲೀಕರು “ಏನ್ರೀ ಮೇಷ್ಟ್ರೇ, ಇಷ್ಟು ಚಂದದ ಗಿಡ ಬಿಸಾಕೀರಲ್ಲ” ಎಂದು ಕೇಳಿದ್ದರು.

ಘಟನೆ ನಡೆದದ್ದು ಒಂದು ಸೋಮವಾರ. ನನಗೆ ಮೊದಲ ಪೀರಿಯಡ್ ಇರಲಿಲ್ಲ, ಮನೆಯಲ್ಲೇ ಇದ್ದೆ. ಅವ್ವ “ತಗಾ ಬಂಗಾರಿ, ಪ್ರಸಾದ” ಎಂದದ್ದು ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ನನಗೆ ಕೇಳಿಸಿತು. ಕೇಳಿಸಿತು ಎಂದುಕೊಂಡಿದ್ದೇನೆ. ಮಗು ಹಳದಿ ಫ್ರಾಕು ತೊಟ್ಟಿತ್ತು ಎಂದೂ ಎಷ್ಟೋ ಸಲ ಹೇಳಿದ್ದೇನೆ. ಆದರೆ ಆ ಬೆಳಿಗ್ಗೆ ತಂಗಿ ತೆಗೆದ ಫೋಟೋದಲ್ಲಿ ಫ್ರಾಕು ನೀಲಿ. ಅರ್ಧ ಗಂಟೆ ಬಿಟ್ಟು ಮಗು ವಾಂತಿ ಮಾಡಿಕೊಂಡಿತು. ಒರೆಸಲು ಬಗ್ಗಿದಾಗ, ಕಕ್ಕಿದ ಹಾಲಿನ ನಡುವೆ ಗುಲಾಬಿ ಬಣ್ಣದ ಚೂರುಗಳು ಕಂಡವು.

“ಏನು ತಿನ್ನಿಸಿದ್ದೀ?” ಎಂದೆ.

“ನಾನೇನ್ ತಿನ್ಸಿಲ್ಲಪ. ಪೂಜಿ ಹೂ ಕೊಟ್ಟೆ, ಬಾಯಿಗಿಟ್ಕಂಡೈತೆ. ಶಿವನ ಹೂ, ಏನೂ ಆಗಲ್ಲ ತಗ. ನೆಗಡಿ ಕಫ ಐತೆ, ಅದು ಹೊರಗೆ ಬಂತು.”

ಎರಡನೇ ವಾಂತಿ ಆದಾಗ ಮಗುವಿನ ಕುತ್ತಿಗೆ ನನ್ನ ಹೆಗಲ ಮೇಲೆ ಜೋತುಬಿತ್ತು. ಆಟೋ ಹಿಡಿದೆವು. ಕೈಗೆ ಸಿಕ್ಕ ಒಂದು ಹೂವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ಬಿಚ್ಚಿ ನೋಡಿ, “ಓಲಿಯಾಂಡರ್” ಎಂದರು. ಅದೇ ಉಸಿರಿನಲ್ಲಿ ಅವ್ವ, “ಕಣಗಿಲೆ ರೀ ಅದು” ಎಂದಳು. ನನ್ನ ಕಿವಿ ಬಿಸಿಯಾದದ್ದು ನೆನಪಿದೆ. ಅದು ಮಗುವಿನ ಭಯವೋ ಬೇರೆ ಏನೋ, ಆಗ ಕೇಳಿಕೊಳ್ಳುವಷ್ಟು ಹೊತ್ತಿರಲಿಲ್ಲ.

“ಹೂ ಒಂದೇನಾ, ಎಲೀನೂ ತಿಂತಾ?” ಎಂದು ಡಾಕ್ಟರು ಕೇಳಿದರು.

“ಎಲಿ ಇಲ್ರಿ, ಹೂ ಅಷ್ಟೇ. ನಮ್ಮವ್ವ, ನಮ್ಮಜ್ಜಿ ಎಲ್ಲಾ ಇದೇ ಹೂ ಏರಿಸ್ಯಾರ್ರಿ.”

“ಏರಿಸ್ರಿ ಅಮ್ಮಾ, ಬ್ಯಾಡ ಅಂದೋರ್ಯಾರು? ಅವ್ನು ವಿಷ ಅರಗಿಸ್ಕಂಡೋನು. ಈ ಮಗು ಅರಗಿಸ್ಕಣಲ್ಲ, ಅಷ್ಟೇ.” ಡಾಕ್ಟರು ನಗುತ್ತಲೇ ಮಗುವಿನ ಎದೆಗೆ ಇಸಿಜಿಯ ವೈರುಗಳನ್ನು ಅಂಟಿಸಿದರು. ಅವ್ವ ನಗಲಿಲ್ಲ. ನಾನು, “ನಾನು ಮೊದ್ಲೇ ಹೇಳಿದ್ದೆ ಸಾರ್, ಇವ್ರು ಕೇಳ್ಲಿಲ್ಲ” ಎಂದೆ. ಆ ಮಾತು ಮೊದಲ ಸಲ ನನ್ನ ಬಾಯಿಂದ ಬಂದದ್ದು ಅಲ್ಲಿ.

ತಂಗಿ ಕ್ಲಿನಿಕ್ಕಿನ ಕೋಟು ಬಿಚ್ಚದೆಯೇ ಓಡಿ ಬಂದಳು. ಅವಳಿಗೂ ನಾನು ಅದನ್ನೇ ಹೇಳಿದೆ.

“ಅವ್ವಾ, ಅಣ್ಣ ಹೇಳಿದ್ನಂತಲ್ಲ?”

“ಎಲ್ಲಿ ಹೇಳ್ದ? ನಂಗ್ಯಾರೂ ಹೇಳಿಲ್ಲ. ಕಣಗಿಲೆ ತೆಗಿ ಅಂದಿದ್ರೆ ತೆಗೀತಿರ್ಲಿಲ್ಲೇನೆ? ಮಗೀಗಿಂತ ಹೂ ಹೆಚ್ಚೇನು ನಂಗೆ?”

“ರೊಟ್ಟಿ ತಟ್ಟುವಾಗ ಹೇಳಿದ್ದೆ. ಹೂಂ ಅಂದೆ ನೀನು” ಎಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. ಮಗನ ಮೇಲೆ ಸುಳ್ಳು ಹೊರಿಸಲು ಅವಳಿಗೆ ಬರುವುದಿಲ್ಲ. ಆದ್ದರಿಂದ ತಿರುಗಿ ಮಗುವಿನ ಹೊದಿಕೆ ಸರಿಮಾಡತೊಡಗಿದಳು.

ಮಗುವನ್ನು ಒಂದು ದಿನ ಇಟ್ಟುಕೊಂಡು ನೋಡಿದರು. ಏನೂ ಆಗಲಿಲ್ಲ. ಮರುದಿನ ಮಧ್ಯಾಹ್ನ ಅದು ಬಿಸ್ಕತ್ತು ಬೇಕೆಂದು ಹಟ ಹಿಡಿಯಿತು, ಮನೆಗೆ ಕಳಿಸಿದರು. ಅವ್ವ ಅಷ್ಟರಲ್ಲಿ ಕಣಗಿಲೆಯನ್ನು ಬೇರುಸಹಿತ ಕಿತ್ತು, ಬಕೆಟ್ಟನ್ನು ತೊಳೆದು ಬೋರಲು ಹಾಕಿದ್ದಳು. ಆದರೆ ಮುಂದಿನ ವಾರದಿಂದ ತಂಗಿ ಮಗಳನ್ನು ನಮ್ಮಲ್ಲಿಗೆ ಕರೆತರಲಿಲ್ಲ. ಹರಿಹರದಲ್ಲಿ ಅವಳ ಮನೆಯ ಹತ್ತಿರವೇ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸು ಸಿಕ್ಕಿದ್ದಳು. “ಸಿಟ್ಟಲ್ಲ ಅಣ್ಣ. ವಿಷ ಅಂತ ಗೊತ್ತಿಲ್ದೆ ಕೊಟ್ಟಿದ್ರೆ ಅದು ಬ್ಯಾರೆ. ಹೇಳಿದ್ದೇ ಮರೆತ್ರೆ ಹೆಂಗೆ? ನಾಳೆ ಗ್ಯಾಸ್ ಮರೀಬಹುದು, ಬಾಗಿಲು ಮರೀಬಹುದು” ಎಂದಳು. ಅವಳ ಲೆಕ್ಕ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನಾನು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ನಾನೇ ನಂಬಿದ್ದೆ.

ಅವ್ವ ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಬದಲಾದ ರೀತಿ ಬೇರೆ. ಒಲೆ ಆರಿಸಿ ಹಾಲ್‌ಗೆ ಬಂದವಳು ಮತ್ತೆ ಒಳಗೆ ಹೋಗಿ ನೋಡುವಳು. “ಮಾತ್ರೆ ತಗಂಡ್ನೇನಪ ನಾನು?” ಎಂದು ಕೇಳುವಳು. ಮಾಯಕೊಂಡದಿಂದ ಅವಳ ಅಕ್ಕ ಫೋನು ಮಾಡಿದಾಗ, “ನಂಗೀಗ ಏನೂ ನೆನಪಿರಲ್ಲವ್ವ, ತಲಿ ಖಾಲಿ ಆಗೇತಿ” ಎಂದು ಹೇಳುವುದು ನನ್ನ ಕೋಣೆಯವರೆಗೂ ಕೇಳಿಸುತ್ತಿತ್ತು. ಬೆಳಿಗ್ಗೆ ಮಗು ಬರುತ್ತಿದ್ದ ಹೊತ್ತಿಗೆ ಬಾಲ್ಕನಿಯಲ್ಲಿ ಹೋಗಿ ನಿಂತು, ರಸ್ತೆ ನೋಡಿ, ಒಳಗೆ ಬರುವಳು. ಪೂಜೆಗೆ ಅಂಗಡಿಯ ಸೇವಂತಿಗೆ ತರುತ್ತಿದ್ದಳು. ನನಗೆ ಹೂ ಕೊಡುವುದನ್ನು ನಿಲ್ಲಿಸಿದಳು.

ಒಂದು ದಿನ ಊಟಕ್ಕೆ ಬಡಿಸುತ್ತಾ, “ನೀ ಹೇಳಿದ್ದಿ ಬಿಡು. ನಂಗೂ ಈಗ ನೆನಪಾಗ್ತೈತೆ. ರೊಟ್ಟಿ ತಟ್ತಿದ್ದೆ, ನೀ ಬಾಗ್ಲಾಗ ನಿಂತಿದ್ದಿ” ಎಂದಳು.

ನನಗೆ ಗೆದ್ದಂತೆ ಅನ್ನಿಸಬೇಕಿತ್ತು. ತಲೆ ಎತ್ತಿ ಅಡುಗೆಮನೆಯ ಕಡೆ ನೋಡಿದೆ. ಈ ಮನೆಯ ಅಡುಗೆಮನೆಗೆ ಬಾಗಿಲೇ ಇಲ್ಲ. ಹಾಲಿಗೂ ಅದಕ್ಕೂ ನಡುವೆ ಇರುವುದು ಗ್ರಾನೈಟಿನ ಕಟ್ಟೆ. ಒರಗಿ ನಿಲ್ಲಲು ಚೌಕಟ್ಟು ಇದ್ದದ್ದು ಪಿ.ಜೆ. ಬಡಾವಣೆಯ ಮನೆಯಲ್ಲಿ. ಆ ಮನೆ ಬಿಟ್ಟಾಗ ತಂಗಿಯ ಮದುವೆಯೇ ಆಗಿರಲಿಲ್ಲ. ನಾನು ಎಲ್ಲಿಂದಲೋ ಒಂದು ಅಡುಗೆಮನೆ, ಒಂದು ರೊಟ್ಟಿ ತಂದು ಜೋಡಿಸಿದ್ದೆ. ಅವ್ವ ಅದನ್ನು ನನ್ನಿಂದ ಕೇಳಿ ಕೇಳಿ ತನ್ನ ನೆನಪು ಮಾಡಿಕೊಂಡಿದ್ದಳು.

ಆಮೇಲೆ ಬೇರೆ ಪ್ರಶ್ನೆಗಳು ಎದ್ದವು. ನಾಯಿಮರಿಯ ಸುದ್ದಿ ಕೇಳಿದ ಸಂಜೆ ನನ್ನ ಎರಡು ಗಿಡಗಳನ್ನು ಹೊರಗೆ ಹಾಕಿದವನು, ಹತ್ತು ಹೆಜ್ಜೆ ದೂರದಲ್ಲಿದ್ದ ಕಣಗಿಲೆಯನ್ನು ಯಾಕೆ ಮುಟ್ಟಲಿಲ್ಲ? ಅವ್ವನ ಪೂಜೆಯ ಗಿಡವೆಂದು ಗೌರವವೇ? ನನಗೆ ಅಂಥ ಗೌರವವಿಲ್ಲ. ಆ ಗಿಡ ವಿಷವೆಂದು ಗೊತ್ತಿದ್ದರೆ ಬಕೆಟ್ಟಿನ ಸಮೇತ ಎತ್ತಿ, ಅವ್ವನೊಂದಿಗೆ ಒಂದು ವಾರ ವಾದ ಮಾಡಿ, ಆ ವಾದವನ್ನು ಸ್ಟಾಫ್‌ರೂಮಿನಲ್ಲಿ ಹೇಳಿಕೊಂಡು ಹಿಗ್ಗುತ್ತಿದ್ದೆ. ಅಂಥ ಅವಕಾಶವನ್ನು ನಾನು ಬಿಟ್ಟವನಲ್ಲ.

ತಂಗಿಗೆ ಇದನ್ನು ಹೇಳಲು ಹೊರಟೆ, ಹೇಳಲಿಲ್ಲ. ಒಂದು ನೆನಪು ತಪ್ಪೆಂದು ಇನ್ನೊಂದು ಅನುಮಾನದಿಂದ ಸಾಧಿಸಲಾಗದು ಎಂದು ನನಗೆ ನಾನೇ ನೆಪ ಕೊಟ್ಟುಕೊಂಡೆ. ಅಷ್ಟರಲ್ಲಿ ಅವಳು ಅವ್ವನನ್ನು ಮರೆವಿನ ಡಾಕ್ಟರಿಗೆ ತೋರಿಸೋಣ ಎಂದು ಶುರು ಮಾಡಿದ್ದಳು. ಅವ್ವ ಒಪ್ಪಿಯೂ ಬಿಟ್ಟಿದ್ದಳು. “ತೋರ್ಸೋಣ ತಗ. ವಾಸಿ ಆದ್ರೆ ಮಗೀನ ಬಿಡ್ತಾಳಲ್ಲ ಅವಳು” ಎಂದಳು.

ಈ ವರ್ಷ, ಡಾಕ್ಟರ ಹತ್ತಿರ ಹೋಗಲು ನಾಲ್ಕು ದಿನ ಇರುವಾಗ, ಅವ್ವನ ಫೋನು ತುಂಬಿಹೋಯಿತು. “ಫೋಟೋ ಬರ್ತಿಲ್ಲ, ಅದೇನ್ ಕಸ ಐತೋ ತೆಗೆದು ಕೊಡು” ಎಂದು ನನ್ನ ಮುಂದೆ ಇಟ್ಟಳು. ಶುಭೋದಯದ ಚಿತ್ರಗಳನ್ನು ಅಳಿಸುತ್ತಾ ಹೋದೆ. ನನ್ನ ಹೆಸರಿನ ಕೆಳಗೆ, ಎರಡು ವರ್ಷ ಹಿಂದಿನ ಒಂದು ಧ್ವನಿ ಸಂದೇಶವಿತ್ತು. ಒತ್ತಿದೆ. ಸ್ಟಾಫ್‌ರೂಮಿನ ಫ್ಯಾನಿನ ಸದ್ದು, ಆಮೇಲೆ ನನ್ನ ದನಿ. ಪಾಠ ಮಾಡುವ ದನಿಯಲ್ಲಿ, ಮಗು ಬರುವ ಮನೆಯಲ್ಲಿ ಇರಬಾರದ ವಿಷದ ಗಿಡಗಳನ್ನು ಒಂದೊಂದಾಗಿ ಹೆಸರಿಸುತ್ತಿದ್ದೆ. ಅದರ ಕೆಳಗೆ ಅವ್ವನ ಉತ್ತರವೂ ಧ್ವನಿಯಲ್ಲೇ ಇತ್ತು: “ಆ ಗಿಡ ನಮ್ಮನ್ಯಾಗ ಇಲ್ಲ ಬಿಡಪ. ನಿನ್ವು ಎರಡು ಇದಾವೆ, ಬಂದು ತೆಗಿ.”

ಅವ್ವ ಪಕ್ಕದಲ್ಲೇ ಬೀನ್ಸು ಮುರಿಯುತ್ತಿದ್ದಳು. ಕೈ ನಿಲ್ಲಿಸಿ, “ಇನ್ನೊಂದ್ಸಲ ಹಾಕು” ಎಂದಳು. ಹಾಕಿದೆ.

“ಅದೇನೋ ಓಲಿ ಅಂತೀಯಲ್ಲ, ಅದು ಕಣಗಿಲೇನಾ?”

“ಹೌದು.”

“ಯಾವ್ದೋ ಇಂಗ್ಲಿಷ್ ಗಿಡ ಅನ್ಕಂಡಿದ್ದೆ ಕಣೋ.” ಕೈಯಲ್ಲಿದ್ದ ಬೀನ್ಸನ್ನು ಮುರಿದು ಕೇಳಿದಳು: “ನಿಂಗೆ ಗೊತ್ತಿತ್ತಾ, ಅದೇ ಇದು ಅಂತ?”

ಬಾಲ್ಯದಿಂದ ಆ ಹೂವನ್ನು ನೋಡಿದ್ದೇನೆ. ಓಲಿಯಾಂಡರಿನ ವಿಷ ಹೃದಯದ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ಎರಡೂ ಒಂದೇ ಎಂದು ನನಗೆ ಯಾರು, ಯಾವಾಗ ಹೇಳಿದರು? ಆಸ್ಪತ್ರೆಯಲ್ಲಿ ಕಿವಿ ಬಿಸಿಯಾದ ಕ್ಷಣವನ್ನು ಬಿಟ್ಟರೆ ಬೇರೆ ಹೊತ್ತು ನೆನಪಿಗೆ ಬರುವುದಿಲ್ಲ. “ಇಲ್ಲವ್ವ, ಗೊತ್ತಿರಲಿಲ್ಲ ಅನ್ಸುತ್ತೆ” ಎಂದೆ.

“ಅನ್ಸುತ್ತೆ ಏನು ಬಂತು? ನನ್ ತಲಿ ನೆಟ್ಟಗೈತೆ ಅಂತಾತು.” ಅವಳು ಬೀನ್ಸಿನ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. “ಮುರಿ. ನಾನು ಮಗಳಿಗೆ ಫೋನ್ ಮಾಡ್ತೀನಿ. ಬ್ಯಾಡ, ನೀನೇ ಮಾಡು. ನೀ ಹೇಳಿದ್ದನ್ನೇ ಅಲ್ಲೇನು ಅವಳು ನಂಬಿದ್ದು.”

ಮಾಡಿದೆ. ತಂಗಿ ಎಲ್ಲ ಕೇಳಿಸಿಕೊಂಡಳು. “ಎರಡು ವರ್ಷ ಅಣ್ಣ” ಎಂದಷ್ಟೇ ಹೇಳಿ ಫೋನು ಇಟ್ಟಳು. ಮಗುವನ್ನು ಮತ್ತೆ ಕಳಿಸುತ್ತಾಳೋ ಇಲ್ಲವೋ ನನಗೆ ಇನ್ನೂ ತಿಳಿಯದು. ಕಣಗಿಲೆಯ ಬಗ್ಗೆ ಅವ್ವನೊಡನೆ ಎದುರೆದುರು ಮಾತಾಡಿಯೇ ಇಲ್ಲವೆಂದು ಆಣೆ ಮಾಡಿ ಹೇಳಲಾರೆ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಸಂದೇಶವನ್ನು ಮಾತ್ರ ಕಾಗದ ಪೆನ್ನು ಹಿಡಿದು ಮೂರು ಸಲ ಕೇಳಿದೆ. ಆ ಸೋಮವಾರಕ್ಕೆ ಹನ್ನೊಂದು ದಿನ ಮೊದಲು ಕಳಿಸಿದ್ದು, ಉದ್ದ ನಲವತ್ತೊಂದು ಸೆಕೆಂಡು. ಓಲಿಯಾಂಡರ್ ಎಂದು ಎರಡು ಸಲ ಹೇಳಿದ್ದೇನೆ. ಕಣಗಿಲೆ ಎಂದು ಒಮ್ಮೆಯೂ ಹೇಳಿಲ್ಲ.