ಬಣ್ಣ ಬದಲಿಸದ ಹಾಳೆ

ರಾಜಾಜಿನಗರದ ಗಂಗಾಧರಯ್ಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಲೇತ್ ಓಡಿಸಿದವನು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮಾಡಿದ ಕೆಲಸವನ್ನು ಗುಜರಿಗೆ ಹಾಕುವಷ್ಟು ಕಟ್ಟುನಿಟ್ಟು. ಅಂಥವನು ೧೯೮೫ರಲ್ಲಿ ಉಲ್ಲಾಳದಲ್ಲಿದ್ದ ಒಂದೇ ಒಂದು ಸೈಟನ್ನು ಮಾರಿ, ಕಾಮಾಕ್ಷಿಪಾಳ್ಯದ ಶೆಡ್ಡೊಂದರಲ್ಲಿ ನಡೆಯುತ್ತಿದ್ದ ಪುಟ್ಟ ಕಂಪನಿಯಲ್ಲಿ ಷೇರು ಹಾಕಿದಾಗ, ಇವನಿಗೆ ತಲೆ ಕೆಟ್ಟಿದೆ ಎಂದು ಜೊತೆಯವರು ನಕ್ಕರು. ತಲೆ ಕೆಟ್ಟಿರಲಿಲ್ಲ, ಕರುಳು ಸುಟ್ಟಿತ್ತು.

ಅವನ ಅಕ್ಕ ನರಸಮ್ಮ ಎದೆಯಲ್ಲಿ ಗಂಟು ಇಟ್ಟುಕೊಂಡೇ ಸತ್ತಿದ್ದಳು. ಆಸ್ಪತ್ರೆಯಲ್ಲಿ ಎದೆಯನ್ನು ಎರಡು ಹಲಗೆಗಳ ನಡುವೆ ಅದುಮಿ ಎಕ್ಸ್‌ರೇ ತೆಗೆಯುತ್ತಾರೆ, ತೆಗೆಯುವವನು ಗಂಡಸು ಎಂದು ಗೊತ್ತಾದದ್ದೇ ತಡ, ಸೆರಗು ಹೊದ್ದು ಬಸ್ಸು ಹತ್ತಿ ಮನೆಗೆ ಬಂದುಬಿಟ್ಟಿದ್ದಳು. ಆಮೇಲೆ ಯಾರು ಅತ್ತು ಕರೆದರೂ ಹೋಗಲಿಲ್ಲ.

ಶೆಡ್ಡಿನ ಎಂಜಿನಿಯರ್ ಮುನಿರಾಜು ಮಾಡುತ್ತಿದ್ದುದು ಒಂದು ತೆಳು ಹಾಳೆ. ಎದೆಗೆ ಒತ್ತಿ ಹಿಡಿದರೆ ಮೈಯ ಶಾಖಕ್ಕೆ ಬಣ್ಣ ಮೂಡುತ್ತದೆ. ಗಂಟಿದ್ದ ಕಡೆ ಶಾಖ ಹೆಚ್ಚು, ಅಲ್ಲಿ ಬಣ್ಣ ಬೇರೆ. ನೋವಿಲ್ಲ, ಹಿಡಿಯುವವಳು ನರ್ಸು. ಇದು ನಾಲ್ಕು ವರ್ಷ ಮೊದಲೇ ಬಂದಿದ್ದರೆ ಅಕ್ಕ ಉಳಿಯುತ್ತಿದ್ದಳು ಎಂದು ಗಂಗಾಧರಯ್ಯ ಲೆಕ್ಕ ಹಾಕಿದ. ಸೈಟು ಹೋದದ್ದು ಹಾಗೆ.

ಮೊದಲ ಹಾಳೆ ತಯಾರಾದಾಗ ಮುತ್ತೈದೆಯಿಂದಲೇ ಬೋಣಿ ಆಗಬೇಕೆಂದು ಹಟ ಹಿಡಿದು ಹೆಂಡತಿ ಕಮಲಾಕ್ಷಮ್ಮನನ್ನು ಕರೆದೊಯ್ದ. ಅವಳು ಹಾಳೆ ಇಟ್ಟಿದ್ದ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ನರ್ಸಿನ ಜೊತೆ ಪರದೆಯ ಹಿಂದೆ ಹೋದಳು. ಹಾಳೆಯ ತುಂಬ ಒಂದೇ ಬಣ್ಣ. ಎಲ್ಲರಿಗೂ ಮೈಸೂರುಪಾಕು ಹಂಚಿದರು.

"ಸಾರ್, ಇದಿನ್ನೂ ಪ್ರಯೋಗದಲ್ಲೇ ಇದೆ," ಎಂದ ಮುನಿರಾಜು. "ಕೈಗೆ ಏನಾದ್ರೂ ಗಂಟು ಸಿಕ್ತು ಅಂದ್ರೆ ಎಕ್ಸ್‌ರೇ ಮಾಡಿಸ್ಲೇಬೇಕು. ಇದನ್ನೂ ಹೇಳಿ ಎಲ್ಲರಿಗೂ."

ಗಂಗಾಧರಯ್ಯ ತಲೆಯಾಡಿಸಿದ. ಹೇಳಲಿಲ್ಲ. ಲೇತಿನ ಮುಂದೆ ಕೂದಲೆಳೆ ಬಿಡದವನು ಇಷ್ಟು ದೊಡ್ಡ ಮಾತನ್ನು ಸಲೀಸಾಗಿ ಬಿಟ್ಟುಬಿಟ್ಟ. ರೇಷನ್ ಸಾಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಸಿಕ್ಕಸಿಕ್ಕವರ ಹತ್ತಿರ ಅವನದು ಒಂದೇ ರಾಗ: "ನಮ್ಮ ಮನೆಯವರಿಗೇ ಮೊದಲು ಮಾಡಿಸಿದ್ದು ಕಣ್ರೀ. ಏನೂ ಇಲ್ಲ ಅಂತ ಬಂತು." ಕಮಲಾಕ್ಷಮ್ಮನ ಹೆಸರು ಕೇಳಿಯೇ ಬೀದಿಯ ಎಷ್ಟೋ ಹೆಂಗಸರು ಧೈರ್ಯ ಮಾಡಿ ಶೆಡ್ಡಿಗೆ ಹೋಗಿಬಂದರು. ಅವನು ಬೀಗಿದ. ಬೀಗದೆ ಇರುವುದಕ್ಕೆ ಅವನೇನು ದೇವರೇ?

ಮರುವರ್ಷ ಕಮಲಾಕ್ಷಮ್ಮ ಎಡಗೈಯಲ್ಲಿ ಬಿಂದಿಗೆ ಎತ್ತುವುದನ್ನು ಬಿಟ್ಟಳು. ವಯಸ್ಸಾಯಿತು ಎಂದುಕೊಂಡ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವಳು ತೋಳು ಎತ್ತಿದಾಗ ರವಿಕೆಯ ಮೇಲೆ ಕಲೆ ಕಂಡಿತು. ಅಂದೇ ಆಸ್ಪತ್ರೆಗೆ ಸೇರಿಸಿದ.

ಯಾವಾಗಿನಿಂದ ಇದೆ ಎಂದು ಡಾಕ್ಟರಮ್ಮ ಕೇಳಿದರೆ, ಒಂದು ತಿಂಗಳು ಎಂದಳು ಕಮಲಾಕ್ಷಮ್ಮ. ಡಾಕ್ಟರಮ್ಮ ಗಂಗಾಧರಯ್ಯನನ್ನು ಹೊರಗೆ ಕರೆದು, ಒಂದು ವರ್ಷಕ್ಕೆ ಕಡಿಮೆ ಇಲ್ಲ, ಮೊದಲೇ ಬಂದಿದ್ದರೆ ಉಳಿಸಿಕೊಳ್ಳಬಹುದಿತ್ತು, ಈಗ ಮೂಳೆಗೂ ಇಳಿದಿದೆ ಎಂದರು. ಅವನು ಒಳಗೆ ಬಂದು ಮಂಚದ ಪಕ್ಕ ಕೂತ.

"ನಿಜ ಹೇಳೇ. ಯಾವಾಗ ಗೊತ್ತಾಯ್ತು ನಿಂಗೆ?"

"ಆ ಬೋಣಿ ಆಗಿ ಎರಡು ತಿಂಗಳಿಗೇ. ಸ್ನಾನ ಮಾಡ್ವಾಗ ಕೈಗೆ ಸಿಕ್ತು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಊರಿಗೆಲ್ಲ ನನ್ನ ಹೆಸರೇ ಹೇಳ್ಕೊಂಡು ಬರ್ತಿದ್ರಿ. ನಾನೇ ಎಕ್ಸ್‌ರೇಗೆ ಹೋಗಿ ನಿಂತ್ರೆ ನಿಮ್ಮ ಕಂಪನಿ ಕಥೆ ಏನಾಗ್ತಿತ್ತು? ಸೈಟೂ ಹೋಗಿತ್ತು. ಮರ್ಯಾದೇನಾದ್ರೂ ಉಳೀಲಿ ಅಂದ್ಕೊಂಡೆ. ಅಲ್ದೆ, ಹಾಳೇಲಿ ಏನೂ ಬರ್ಲಿಲ್ವಲ್ಲ, ತಾನಾಗೇ ಕರಗುತ್ತೇನೋ ಅಂತ."

ಅಕ್ಕ ನಾಚಿಕೆಗೆ ಸತ್ತಿದ್ದಳು; ಇವಳು ಗಂಡನ ಜಂಬಕ್ಕೆ ಸಾಯುತ್ತಿದ್ದಾಳೆ. ಗಂಗಾಧರಯ್ಯ ಅವಳ ಕೈ ಹಿಡಿದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಅತ್ತ.

"ಕಂಪನಿ ಹಾಳಾಗಿ ಹೋಗ್ಲಿ ಕಣೇ. ನಿನಗಿಂತ ಹೆಚ್ಚಾ ನಂಗೆ ಅದು?"

ಕಮಲಾಕ್ಷಮ್ಮನಿಗೆ ಸಿಟ್ಟಿರಲಿಲ್ಲ.

"ಇದನ್ನ ಒಂದ್ಸಲ ಮೊದ್ಲೇ ಅಂದಿದ್ರೆ ಆಗ್ತಿತ್ತು ರೀ," ಎಂದಳು.

ಆಮೇಲೆ ಅವಳು ಹನ್ನೊಂದು ವಾರ ಇದ್ದಳು. ಅಷ್ಟೂ ದಿನ ಅವನು ಆ ಮಾತನ್ನೇ ಹೇಳುತ್ತ ಪಕ್ಕದಲ್ಲಿ ಕೂತಿದ್ದ. ಹೇಳಿದಾಗಲೆಲ್ಲ ಅವಳು ಹೂಂ ಎನ್ನುತ್ತಿದ್ದಳು.